ಗಿರಣಿ ದ್ಯಾಮವ್ವನ ಲಾಲನ ರಜೆ

“ನಿಮ್ಮ ಮಣಿ ನಿಮ್ಮನ್ನಽ ಗುರುತು ಹಿಡೀವಲ್ದಲ್ರೀ!”

ನೀಲಾಂಬಿಕಾ ಹೀಗೆಂದು ನಕ್ಕಾಗ ಅವಳ ಗಂಡ ಡಾ. ಫಕೀರೇಶ ಹಂಚಿನಾಳ ತನ್ನ ಐದು ತಿಂಗಳ ಮಗಳನ್ನು ಎದೆಗೊರಗಿಸಿಕೊಂಡು ಪಡಸಾಲೆಯ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದ. ಹೆಜ್ಜೆಯ ವೇಗ, ತೂಗಾಟದ ಪ್ರಮಾಣ, ಕೂಸಿನ ತಲೆ ಇರಬೇಕಾದ ಕೋನ ಎಲ್ಲವೂ ಅವನೇ ಬರೆದ ಸಂಶೋಧನಾ ಪ್ರಬಂಧದಲ್ಲಿ ಇದ್ದ ಹಾಗೆಯೇ ಇದ್ದವು. ಮಗಳು ಮಲಪ್ರಭಾ ಮಾತ್ರ ಆ ಪ್ರಬಂಧವನ್ನು ಓದಿರಲಿಲ್ಲ. ಓಣಿಯ ತುದಿಗೂ ಕೇಳುವಂತೆ ಕಿರುಚುತ್ತಿದ್ದಳು. ಅವಳ ಉಡಿದಾರದಲ್ಲಿ ಪೋಣಿಸಿದ್ದ, ಕಡಲೆಕಾಳಿನಷ್ಟು ದಪ್ಪದ ಮಣಿ ಅರಿಶಿನ ಬಣ್ಣಕ್ಕೆ ತಿರುಗಿ ಮಿನುಗುತ್ತಿತ್ತು.

“ಗುರುತೇನೋ ಹಿಡದೈತಿ,” ಎಂದ ಫಕೀರೇಶ, ಶಾಸ್ತ್ರಕ್ಕೆ ಅಪಚಾರವಾಗಬಾರದೆಂದು. “ಅಂಗೈ ನಂದೇ ಅಂತ ಅದಕ್ಕ ಗೊತ್ತೈತಿ. ಕೂಸಿಗೆ ಸಮಾಧಾನ ಆಗಿಲ್ಲಂತ ಹೇಳಾಕತ್ತೈತಿ, ಅಷ್ಟಽ. ಎರಡೂ ಬ್ಯಾರೆ ಬ್ಯಾರೆ.”

“ಹಂಗಾರ ಇನ್ನೂ ಛಲೋ ಆತು. ಗುರುತು ಹಿಡದೂ ಒಲ್ಲೆ ಅಂತೈತಿ!”

ಈ ಮಣಿಯ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ದುಡಿಯುವ ತಾಯಂದಿರಿಗೆ ಕೊಡುವಷ್ಟೇ ರಜೆಯನ್ನು ದುಡಿಯುವ ತಂದೆಯರಿಗೂ ಕೊಡಬೇಕೆಂಬ ಕಾಯಿದೆ ಬಂದು ಆಗಲೇ ಒಂದು ತಲೆಮಾರು ಕಳೆದಿತ್ತು. ಕಾಯಿದೆ ಒಳ್ಳೆಯದೇ, ತಂದೆಯರು ಹಳಬರೇ. ಒಬ್ಬ ಮಹಾಶಯ ಆ ರಜೆಯಲ್ಲಿ ಮನೆಯ ಮೇಲೊಂದು ಅಂತಸ್ತು ಕಟ್ಟಿಸಿ ಮುಗಿಸಿದ. ಇನ್ನೊಬ್ಬ ಓಣಿಯ ಕ್ರಿಕೆಟ್ ತಂಡಕ್ಕೆ ನಾಯಕನಾದ. ಮತ್ತೊಬ್ಬ ಗೋವಾಕ್ಕೆ ಹೋಗಿ ಕೂಸಿಗೆಂದು ಟೋಪಿ ತಂದ. ಅದು ಅವನ ತಲೆಗೇ ಸರಿಯಾಗಿ ಕೂತಿತು. ಕೂಸು ಎಂದಿನಂತೆ ತಾಯಿಯ ಸೊಂಟದ ಮೇಲೇ ಇತ್ತು. ಸರ್ಕಾರ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಧಾರವಾಡದ ಒಂದು ಪ್ರಯೋಗಾಲಯದಿಂದ ಫಕೀರೇಶ ಎದ್ದು ಬಂದ. “ಅಳತೆಗೆ ಸಿಗದ ಅಕ್ಕರೆ ಅಂತ ಯಾವುದೂ ಇಲ್ಲ,” ಎಂದ. ಆಗ ಅವನಿಗೆ ಮಕ್ಕಳಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಅವನ ‘ಲಾಲನಮಾಪಕ’ದ ತತ್ವ ಸರಳ. ಕೂಸಿಗೆ ಸಮಾಧಾನವಾದಾಗ ಅದರ ಎದೆಬಡಿತಗಳ ನಡುವಿನ ಅಂತರ ಒಂದು ಲಯದಲ್ಲಿ ಹಿಗ್ಗುತ್ತದೆ, ಚರ್ಮದ ತೇವ ಇಳಿಯುತ್ತದೆ, ಹೊಟ್ಟೆಯ ಬಿಗುವು ಸಡಿಲವಾಗುತ್ತದೆ. ಉಡಿದಾರ ಇರುವುದೇ ಹೊಟ್ಟೆಯ ಮೇಲೆ. ಅದಕ್ಕೆ ಪೋಣಿಸಿದ ಮಣಿ ಇವನ್ನೆಲ್ಲ ಅಳೆದು ಕೂಡಿಸಿ ‘ಸಾಂತ್ವನಾಂಕ’ ಹೇಳುತ್ತದೆ. ಎತ್ತಿಕೊಂಡವರ ಅಂಗೈಯಲ್ಲಿ ಹರಿಯುವ ಸೂಕ್ಷ್ಮ ವಿದ್ಯುತ್ತು ಒಬ್ಬೊಬ್ಬರದು ಒಂದೊಂದು ಬಗೆ. ಅದನ್ನು ಅವನು ‘ಕರಸಹಿ’ ಎಂದು ಕರೆದ. ಒಂದು ಮಾರು ದೂರದಿಂದಲೂ ಮಣಿ ಕರಸಹಿಯನ್ನು ಓದಬಲ್ಲದು. ಯಾರ ಕೈಯಲ್ಲಿ ಕೂಸು ಶಾಂತವಾಗುತ್ತದೆಯೋ ಅವರಿಗೆ ಅಂಕ ಏರುತ್ತದೆ, ಮಣಿ ಹಸಿರಾಗುತ್ತದೆ. ಯಾರ ಕಡೆ ಮುಖ ಮಾಡಿ ಅಳುತ್ತದೆಯೋ ಅವರ ಅಂಕ ಇಳಿಯುತ್ತದೆ, ಮಣಿ ಹಳದಿಯಾಗುತ್ತದೆ. ಸಾಕಷ್ಟು ಅಂಕ ಪಡೆದವರು ‘ಲಾಲಕರು’. ಲಾಲಕರಿಗೆ ಸಂಬಳ ಸಹಿತ ರಜೆ, ಮೇಲೆ ಶಿಶುಭತ್ಯೆ.

ಮಣಿಗೆ ಅಪ್ಪ, ಅಮ್ಮ, ಅತ್ತೆ, ಮಾವ ಎಂಬ ಭೇದ ಗೊತ್ತಿರಲಿಲ್ಲ. ಅದೇ ಅದರ ಹಿರಿಮೆಯೆಂದು ಫಕೀರೇಶ ಉದ್ಘಾಟನೆಯ ದಿನ ಭಾಷಣ ಮಾಡಿದ್ದ. “ನಾನು ತಂದೆ ಎಂದು ಹೇಳಿಕೊಳ್ಳುವುದು ಸುಲಭ, ಕೂಸನ್ನು ಸುಮ್ಮನಾಗಿಸುವುದು ಕಷ್ಟ. ನನ್ನ ಮಣಿ ಎರಡನೆಯದನ್ನು ಮಾತ್ರ ನಂಬುತ್ತದೆ.” ಚಪ್ಪಾಳೆಯೋ ಚಪ್ಪಾಳೆ. ಆ ಚಪ್ಪಾಳೆ ಈಗ ಹುಬ್ಬಳ್ಳಿಯ ಸುಣ್ಣದ ಓಣಿಯ ಈ ಪಡಸಾಲೆಯಲ್ಲಿ ಅವನ ಕೆನ್ನೆಗೇ ಬಿದ್ದಂತೆ ಕೇಳಿಸುತ್ತಿತ್ತು.

ಏಕೆಂದರೆ ಈ ಸಲ ನಗುವ ಹಾಗಿರಲಿಲ್ಲ. ನೀಲಾ ರೈಲು ನಡೆಸುವವಳು. ಅವಳ ರಜೆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅಜ್ಜಂದಿರ ಕಾಲದಿಂದ ಬಂದೆ, ಬಂದೆ ಎನ್ನುತ್ತಿದ್ದ ಹುಬ್ಬಳ್ಳಿ–ಅಂಕೋಲಾ ರೈಲು ಅಂತೂ ಬರುವುದೆಂದು ಗೊತ್ತಾಗಿತ್ತು. ಮೊದಲ ಗಾಡಿ ನಡೆಸಲು ಅವಳನ್ನೇ ಆರಿಸಿದ್ದರು. ಅವಳ ರಜೆ ಮುಗಿದೊಡನೆ ಅವನ ರಜೆ ಶುರುವಾಗಬೇಕು. ಅದಕ್ಕೆ ಅವನು ಲಾಲಕನಾಗಿರಬೇಕು. ಬೇರೆ ರಜೆಗಳನ್ನೆಲ್ಲ ಅವನು ಊರೂರು ತಿರುಗಿ ಮಣಿಯ ಬಗ್ಗೆ ಉಪನ್ಯಾಸ ಕೊಡುತ್ತ ತಿಂದು ಮುಗಿಸಿದ್ದ. ನೀಲಾಳ ತಾಯಿ ಗದಗಿನಲ್ಲಿ ಇನ್ನೂ ನೌಕರಿಯಲ್ಲಿದ್ದಳು. ಓಣಿಯ ಅಂಗನವಾಡಿಗೆ ಇಷ್ಟು ಎಳೆಯ ಕೂಸು ಹೋಗುವಂತಿರಲಿಲ್ಲ. ಮಣಿ ಹಸಿರಾಗದಿದ್ದರೆ ಗಾಡಿಯನ್ನು ಇನ್ನೊಬ್ಬರು ನಡೆಸುತ್ತಾರೆ. ಅಷ್ಟೇ ಲೆಕ್ಕ.

“ಇರಲಿ ಬಿಡ್ರಿ,” ಎಂದಳು ನೀಲಾ ಆ ದಿನ, ಮಗಳನ್ನು ಅವನ ಕೈಯಿಂದ ತೆಗೆದುಕೊಳ್ಳುತ್ತ. “ಎರಡನೇ ಗಾಡಿನೂ ಒಂದಿರ್ತೈತಲ್ಲ.” ನಗುತ್ತಲೇ ಅಂದಳು. ಆದರೆ ಮೊಳೆಗೆ ತೂಗುಹಾಕಿದ್ದ ತನ್ನ ರೈಲು ನೌಕರಿಯ ಟೋಪಿಯ ಧೂಳನ್ನು ಒರೆಸುವುದನ್ನು ಅಂದಿನಿಂದ ಬಿಟ್ಟಳು. ಫಕೀರೇಶನಿಗೆ ಅದು ಕಂಡಿತು. ಅಂಕಗಳ ಜಗತ್ತಿನಲ್ಲಿ ಬಾಳಿದವನಿಗೂ ಕೆಲವು ಸಂಗತಿಗಳು ಹಾಗೆಯೇ ಕಾಣುತ್ತವೆ.

ಮನೆಯಲ್ಲಿ ಜೋಳದ ಹಿಟ್ಟು ತೀರಿದ್ದು ಆ ವಾರವೇ. ಆ ಕಾಲದಲ್ಲಿ ಹಿಟ್ಟು ಪೊಟ್ಟಣದಲ್ಲಿ ಹಾರಿಕೊಂಡು ಬಂದು ಕಿಟಕಿಯಲ್ಲಿ ಇಳಿಯುತ್ತಿತ್ತು, ನಿಜ. ಆದರೆ ಆ ಹಿಟ್ಟಿನ ರೊಟ್ಟಿ ತಟ್ಟುವಾಗಲೇ ಹರಿಯುತ್ತದೆಂದು ಸುಣ್ಣದ ಓಣಿ ಅದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಹಾಗಾಗಿ ಓಣಿಯ ಮೂಲೆಯಲ್ಲಿ ದ್ಯಾಮವ್ವನ ಕಲ್ಲಿನ ಗಿರಣಿ ಇನ್ನೂ ಗುಂಯ್‌ಗುಡುತ್ತಿತ್ತು. ಫಕೀರೇಶ ಒಂದು ಕೈಯಲ್ಲಿ ಜೋಳದ ಡಬ್ಬಿ, ಇನ್ನೊಂದು ಕೈಯಲ್ಲಿ ಅಳುವ ಮಗಳನ್ನು ಹಿಡಿದು ಗಿರಣಿಯ ಮೆಟ್ಟಿಲು ಹತ್ತಿದ.

ಹುಬ್ಬಿನಿಂದ ಹಿಮ್ಮಡಿಯವರೆಗೆ ಹಿಟ್ಟು ಮೆತ್ತಿಕೊಂಡ ದ್ಯಾಮವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಏನ್ ಸಾಹೇಬ್ರ, ಕೂಸನ್ನೂ ಬೀಸಾಕ ತಂದೀರೇನು?”

“ಇಲ್ಲಬೇ, ಜ್ವಾಳ ಅಷ್ಟಽ.”

“ಹಂಗಾರ ಜ್ವಾಳ ನೀವು ಹಾಕ್ರಿ, ಕೂಸನ್ನ ಇಲ್ಲಿ ಒಗೀರಿ. ದೂಳು ಹಾರತೈತಿ, ಅದರ ಕಣ್ಣಾಗ ಬಿದ್ದೀತು.” ಅದು ಆ ಗಿರಣಿಯ ಪದ್ಧತಿ. ಯಂತ್ರದ ತಗಡಿನ ಬಾಯಿಗೆ ಕಾಳು ಸುರಿಯುವವರು ತಮ್ಮ ಕೂಸನ್ನು ದ್ಯಾಮವ್ವನ ಹೆಗಲಿಗೆ ಹಾಕಬೇಕು. “ಕೂಸುಗಳಂದ್ರ ನನಗ ಆಗಿ ಬರಂಗಿಲ್ಲ,” ಎಂದು ಪ್ರತಿ ಸಲವೂ ಗೊಣಗುತ್ತ ಅವಳು ಹಾಕಿಸಿಕೊಳ್ಳುತ್ತಿದ್ದಳು.

ಗೊಣಗಿ ಮುಗಿಯುವುದರೊಳಗೆ ಮಲಪ್ರಭಾ ಸುಮ್ಮನಾಗಿದ್ದಳು. ಬಾಯಿ ತೆರೆದಿತ್ತು, ಅಳು ಇರಲಿಲ್ಲ. ಕಣ್ಣು ಅರೆಮುಚ್ಚಿದವು. ಉಡಿದಾರದ ಮಣಿ ಬಾಳೆಯ ಸುಳಿಯ ಹಾಗೆ ಹಸಿರಾಯಿತು. ಫಕೀರೇಶ ಡಬ್ಬಿಯನ್ನು ಅರ್ಧಕ್ಕೇ ಬಿಟ್ಟು ಕುಣಿದಾಡಿದ.

“ದ್ಯಾಮವ್ವ! ಗೊತ್ತಾತು! ಈ ಗಿರಣಿ ಸಪ್ಪಳ ಐತೆಲ್ಲ, ತಾಯಿ ಹೊಟ್ಟಿಯೊಳಗಿನ ಸಪ್ಪಳ ಹಿಂಗಽ ಇರ್ತೈತಿ. ಕೆಳದನಿ, ಒಂದಽ ಲಯ, ಮ್ಯಾಲ ಹಿಟ್ಟಿನ ಬೆಚ್ಚನ ವಾಸನಿ. ಕೂಸಿಗೆ ಹುಟ್ಟೋಕ್ಕಿಂತ ಮುಂಚಿನ ಊರು ನೆನಪಾಗಿರಬೇಕು!”

“ಇದಽ ಸಪ್ಪಳಕ್ಕ ನನ್ನ ಗಂಡ ಕಿವುಡ ಆದ,” ಎಂದಳು ದ್ಯಾಮವ್ವ. “ಅವಗ ಯಾವ ಊರು ನೆನಪಾತೋ ಏನೋ. ಡಬ್ಬಿ ಪೂರಾ ಸುರೀರಿ, ಕಲ್ಲು ಖಾಲಿ ತಿರಗಾಕತ್ತೈತಿ.”

ಫಕೀರೇಶ ಮರುದಿನವೂ ಬಂದ, ಅದರ ಮರುದಿನವೂ ಬಂದ. ಮನೆಯಲ್ಲಿ ಹಿಟ್ಟು ಇಡಲು ಜಾಗ ಸಾಲದಾಯಿತು. ಮಣಿ ದಿನವೂ ಹಸಿರಾಗುತ್ತಿತ್ತು. ಆದರೆ ಆ ಹಸಿರೆಲ್ಲ ಯಾರ ಹೆಸರಿಗೆ ಬೀಳುತ್ತಿದೆಯೆಂದು ಯೋಚಿಸಲು ಮಹಾ ವಿಜ್ಞಾನಿಗೆ ಹೊಳೆಯಲೇ ಇಲ್ಲ. ಓಣಿಯ ಇತರ ಕೂಸುಗಳ ಮಣಿಗಳೂ ಅದೇ ಹೆಗಲಿನ ಮೇಲೆ, ಅದೇ ಹೆಸರಿಗೆ, ಎಷ್ಟೋ ತಿಂಗಳಿಂದ ಹಸಿರಾಗುತ್ತಿದ್ದವು.

ಕಲ್ಯಾಣಾಧಿಕಾರಿ ಉಜ್ವಲಾ ಕಟ್ಟಿ ಒಂದು ಬೆಳಿಗ್ಗೆ ತಾವೇ ಗಿರಣಿಗೆ ಬಂದರು. ಸೀರೆಯ ನೆರಿಗೆಯನ್ನು ಹಿಟ್ಟಿನಿಂದ ಎತ್ತಿ ಹಿಡಿದು, ಸಾಲಿನಲ್ಲಿ ನಿಂತವರೆಲ್ಲರಿಗೂ ಕೇಳುವಂತೆ ಹೇಳಿದರು. “ದ್ಯಾಮವ್ವ ಅವರೇ, ಅಭಿನಂದನೆ. ಈ ಓಣಿಯ ಅಷ್ಟೂ ಕೂಸುಗಳಿಗೆ ನೀವೇ ಲಾಲಕಿ ಅಂತ ಗೊತ್ತಾಗ್ಯದ. ಇವತ್ತಿನಿಂದ ನಿಮಗ ರಜಾ, ಭತ್ಯಾ ಎಲ್ಲಾ ಅದ.”

ದ್ಯಾಮವ್ವ ಗಿರಣಿ ನಿಲ್ಲಿಸಿದಳು. “ಯವ್ವಾ, ನಾ ಹಡದಾಗ ಕೂಸನ್ನ ಈ ಜ್ವಾಳದ ಚೀಲದ ಮ್ಯಾಲ ಮಲಗಿಸಿ ಬೀಸೀನಿ. ಆವಾಗ ಒಂದು ನರಪಿಳ್ಳಿ ಬಂದು ರಜಾ ಬೇಕೇನು ಅಂತ ಕೇಳಲಿಲ್ಲ. ಈಗ ಹಲ್ಲು ಹೋದ ಮ್ಯಾಲ ಕಡ್ಲಿ ತಂದೀರೇನು?”

ಉಜ್ವಲಾ ಕಟ್ಟಿ ನೆರಿಗೆಗೆ ಹತ್ತಿದ ಹಿಟ್ಟು ಕೊಡವಿದರು. ಫಕೀರೇಶ ಗೋಧಿಚೀಲದ ಹಿಂದೆ ನಿಂತು ಚಪ್ಪಲಿ ನೋಡಿಕೊಳ್ಳುತ್ತಿದ್ದ.

“ಆದರ ನಿಯಮ ಅದ,” ಎಂದರು ಅಧಿಕಾರಿ, ಕೊನೆಗೆ. “ಲಾಲನ ರಜಾದಾಗ ದುಡಿಯೋ ಹಂಗಿಲ್ಲ. ಗಿರಣಿ ಮುಚ್ಚಬೇಕು.”

ಗಿರಣಿ ಮುಚ್ಚಿತು. ಆ ಸಂಜೆ ಸುಣ್ಣದ ಓಣಿಯಲ್ಲಿ ಶುರುವಾದ ಅಳು ವಾರವಿಡೀ ನಿಲ್ಲಲಿಲ್ಲ. ರಜೆಯ ಗೌರವದಿಂದ ಕಟ್ಟೆಯ ಮೇಲೆ ಕೂತ ದ್ಯಾಮವ್ವನ ಹೆಗಲಿಗೆ ಕೂಸುಗಳನ್ನು ತಂದು ಹಾಕಿದರೆ ಅವು ಇನ್ನಷ್ಟು ಅತ್ತವು, ಏಕೆಂದರೆ ಹೆಗಲಿತ್ತು, ಗುಂಯ್‌ಗುಡುವ ಗಿರಣಿ ಇರಲಿಲ್ಲ. ಮಣಿಗಳೆಲ್ಲ ಹಳದಿಯಾದವು. ಮನೆಮನೆಯಲ್ಲಿ ಪೊಟ್ಟಣದ ಹಿಟ್ಟಿನ ರೊಟ್ಟಿ ಹರಿದವು. ಅಂಕ ಇಳಿದದ್ದರಿಂದ ದ್ಯಾಮವ್ವನ ಲಾಲಕಿ ಪದವಿ ತಾನಾಗಿಯೇ ರದ್ದಾಯಿತು; ರಜೆ ಹೋಯಿತು. ಅವಳು ಗಿರಣಿ ತೆರೆದಳು. ಕೂಸುಗಳು ಮಲಗಿದವು. ಅಂಕ ಏರಿತು. ಮತ್ತೆ ರಜೆ ಬಂತು. ಮತ್ತೆ ಗಿರಣಿ ಮುಚ್ಚಿತು. ಈ ಗಾಣದೆತ್ತಿನ ತಿರುಗಾಟ ಹೀಗೇ ನಡೆದಾಗ ಉಜ್ವಲಾ ಕಟ್ಟಿ ಫಕೀರೇಶನ ಮನೆಯ ಬಾಗಿಲು ಬಡಿದರು.

“ಡಾಕ್ಟರ್, ನಿಮ್ಮ ಯಂತ್ರ ಕೆಟ್ಟದ.”

“ಯಂತ್ರ ಸರಿ ಐತ್ರಿ ಮೇಡಂ. ನಾ ನೋಡೇನಿ.”

“ಹಂಗಾದರ ನಮ್ಮ ನಿಯಮ ತಪ್ಪೇನು?”

“ನಿಯಮಾನೂ ಸರಿ ಐತ್ರಿ. ನಾನಽ ಕೂತು ಬರೆಸೀನಿ.”

“ಮತ್ತ ಯಾರದು ತಪ್ಪು?”

ಫಕೀರೇಶ ಯಂತ್ರಕ್ಕೊಂದು, ನಿಯಮಕ್ಕೊಂದು ಬೆರಳು ಮಡಿಚಿದ. “ಕೂಸುಗಳದು,” ಎಂದ.

ಒಳಗಿನಿಂದ ನೀಲಾ ನಕ್ಕಳು. ಆ ನಗೆಗೆ ಅಧಿಕಾರಿಯೂ ಸೇರಿಕೊಂಡರು. ಫಕೀರೇಶ ತಾನೂ ನಗಲು ನೋಡಿದ, ಆದರೆ ಬಾಗಿಲ ಪಕ್ಕದ ಮೊಳೆಯಲ್ಲಿ ಧೂಳು ಹಿಡಿದ ಟೋಪಿ ಅವನಿಗೆ ಕಾಣಿಸುತ್ತಿತ್ತು. ತಿಂಗಳ ಕೊನೆ ಹತ್ತಿರ ಬರುತ್ತಿತ್ತು. ಅವನ ಅಂಕ ಇದ್ದಲ್ಲೇ ಇತ್ತು, ಅಂದರೆ ಇರಲೇ ಇಲ್ಲ.

ತೊಡಕನ್ನು ಬಿಡಿಸಿದ್ದು ದ್ಯಾಮವ್ವನ ಸಿಟ್ಟು. ಮೂರನೆಯ ಸಲ ಗಿರಣಿ ತೆರೆದ ಬೆಳಿಗ್ಗೆ ಅವಳು ಎರಡೂ ಕೈ ಸೆರಗಿನೊಳಗೆ ಅಡಗಿಸಿಕೊಂಡು ಬಾಗಿಲಲ್ಲಿ ನಿಂತಳು. “ಇನ್ನ ಮ್ಯಾಲ ಒಂದು ಕೂಸನ್ನೂ ನಾ ಮುಟ್ಟಂಗಿಲ್ಲ. ಮುಟ್ಟಿದ್ರ ಈ ಸರ್ಕಾರ ನನಗ ರಜಾ ಕೊಡತೈತಿ. ಕಾಳು ಸುರಿಯೋರು ತಮ್ಮ ಕೂಸನ್ನ ಹಿಂದ ನಿಂತೋರ ಕೈಯಾಗ ಕೊಡ್ರಿ. ಹಿಂದಿನೋರು ತಮ್ಮ ಕೂಸನ್ನ ಅವರ ಹಿಂದಿನೋರಿಗೆ ಕೊಡ್ರಿ. ಗದ್ದಲ ಮಾಡಿದ್ರ ಎಲ್ಲಾರ ಹಿಟ್ಟಿನಾಗೂ ಕಲ್ಲು ಹಳ್ಳು ಬೀಳತಾವ!”

ಫಕೀರೇಶನ ಮುಂದೆ ನಿಂತವಳು ಹಸೀನಾ, ಬ್ಯಾಂಕಿನವಳು. ಹಿಂದೆ ನಿಂತವನು ಬಸಲಿಂಗಪ್ಪ, ನಗರಪಾಲಿಕೆಯಲ್ಲಿ ನಲ್ಲಿಗೆ ನೀರು ಬಿಡುವವನು. ಅವನ ಹೆಂಡತಿ ಆಸ್ಪತ್ರೆಯಲ್ಲಿ ದಾದಿ. ಹಸೀನಾ ಕಾಳು ಸುರಿಯಲು ಹೋಗುತ್ತ ತನ್ನ ಮಗ ರೆಹಾನನನ್ನು ಫಕೀರೇಶನ ತೋಳಿಗೆ ತುರುಕಿದಳು. ಫಕೀರೇಶ ಗಾಬರಿಯಲ್ಲಿ ಮಲಪ್ರಭಾಳನ್ನು ಬಸಲಿಂಗಪ್ಪನಿಗೆ ದಾಟಿಸಿದ. ಬಸಲಿಂಗಪ್ಪ ತನ್ನ ಕೂಸನ್ನು ತನ್ನ ಹಿಂದಿನವಳಿಗೆ ಕೊಟ್ಟ. ಸಾಲಿನುದ್ದಕ್ಕೂ ಕೂಸುಗಳು ಕೊಡಗಳಂತೆ ಕೈಯಿಂದ ಕೈಗೆ ಹೋದವು.

“ಹುಷಾರ್ ಸರ್,” ಎಂದಳು ಹಸೀನಾ, ಹಿಂತಿರುಗಿ ನೋಡದೆ. “ಈಗಷ್ಟಽ ಹಾಲು ಕುಡದಾನ.”

ಎಚ್ಚರಿಕೆ ತಲುಪುವ ಮೊದಲು ಹಾಲು ತಲುಪಿತು. ಫಕೀರೇಶನ ಅಂಗಿಯ ಹೆಗಲಿನಿಂದ ಬೆನ್ನಿನವರೆಗೆ ಬಿಸಿಯಾಗಿ ಇಳಿಯಿತು. ಅವನು ಕೂಸನ್ನು ಬೀಳಿಸಬಾರದು, ಡಬ್ಬಿ ಉರುಳಬಾರದು, ಹಿಂದೆ ಬಸಲಿಂಗಪ್ಪ ನಗುತ್ತಿರುವುದನ್ನು ಗಮನಿಸಬಾರದು. ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದ. “ಏನೋ ಹುಲಿ, ಊಟ ಮುಗೀತೇನೋ? ನನ್ನ ಅಂಗಿಗೂ ಉಣಸಿದ್ಯಲ್ಲೋ, ಧರ್ಮಾತ್ಮ…” ರೆಹಾನ ತೇಗಿ, ಆ ಒದ್ದೆ ಹೆಗಲಿನ ಮೇಲೇ ತಲೆಯಿಟ್ಟು ನಿದ್ದೆಹೋದ.

“ಸಾಹೇಬ್ರ,” ಎಂದ ಬಸಲಿಂಗಪ್ಪ, “ಮಣಿ ನೋಡ್ರಿ!”

ಹಸಿರು. ಯಾವ ಪ್ರಬಂಧದಲ್ಲೂ ಇಲ್ಲದ ಹಸಿರು.

ಮನೆಗೆ ಬಂದು ಅಂಗಿ ಬಿಚ್ಚುತ್ತ ಅವನು ಇದನ್ನೆಲ್ಲ ಹೇಳಿ, ಹೀಗಾಗಲು ಏನು ಕಾರಣವಿರಬಹುದೆಂದು ತರ್ಕ ಹೂಡಿದ. ವಾಂತಿಯ ತೇವದಿಂದ ಕರಸಹಿ ಹರಿಯುವುದು ಸುಲಭವಾಗುತ್ತದೆಯೋ ಏನೋ. ನೀಲಾ ಅಂಗಿಯನ್ನು ಬಕೀಟಿಗೆ ಹಾಕಿದಳು.

“ನಮ್ಮ ಮಲ್ಲೀನ ಎತ್ತಿಕೊಂಡ್ರ ನೀವು ಮಣಿ ನೋಡ್ತೀರಿ,” ಎಂದಳು. “ಹಸೀನಾನ ಮಗ ಕಕ್ಕಿದಾಗ ಮಣಿ ನೋಡಾಕ ಪುರಸೊತ್ತು ಎಲ್ಲಿತ್ತು? ನಾನೂ ಹಂಗಽ ರೀ. ಗಾಡಿ ಕಲಿಯೋವಾಗ ವೇಗದ ಮುಳ್ಳು ಎಷ್ಟರ ಮ್ಯಾಲ ಐತಿ ಅಂತ ಅದನ್ನಽ ನೋಡಿಕೋತ ಕೂಡ್ತಿದ್ದೆ. ಒಮ್ಮೆ ನಮ್ಮ ಗುರುಗಳು ತಲಿಗೆ ಕೊಟ್ರು ನೋಡ್ರಿ. ‘ಹಳಿ ಮುಂದೈತಿ, ಹುಚ್ಚಿ!’”

ಫಕೀರೇಶ ಅದನ್ನು ಎಲ್ಲಿಯಾದರೂ ಪ್ರಕಟಿಸಬಹುದೇ ಎಂದು ಒಂದು ಗಳಿಗೆ ಯೋಚಿಸಿದ್ದು ನಿಜ. ಆಮೇಲೆ ನಾಚಿಕೆಯಾಗಿ ಬಕೀಟಿಗೆ ನೀರು ಬಿಟ್ಟ.

ಹೀಗೆ ದಿನಗಳು ಕಳೆದವು. ಗಿರಣಿ ಗುಂಯ್‌ಗುಟ್ಟಿತು, ಸಾಲು ಸಾಗಿತು, ದ್ಯಾಮವ್ವ ಕೈ ಅಡಗಿಸಿಕೊಂಡು ಬೈಯುತ್ತಲೇ ಇದ್ದಳು. ತಿಂಗಳ ಕೊನೆಗೆ ಉಜ್ವಲಾ ಕಟ್ಟಿ ಫಲಿತಾಂಶ ಹಿಡಿದು ಬಂದವರು ಅದೇ ಗೋಧಿಚೀಲದ ಮೇಲೆ ಕುಸಿದು ಕೂತರು.

“ಡಾಕ್ಟರ್, ನೀವು ಲಾಲಕರಾದ್ರಿ. ರೆಹಾನಗ. ನಿಮ್ಮ ಮಗಳಿಗೆ ಈ ಬಸಲಿಂಗಪ್ಪ ಲಾಲಕ. ಬಸಲಿಂಗಪ್ಪನ ಮಗಳಿಗೆ ಇನ್ಯಾರೋ. ಅಲ್ರೀ, ಈ ಓಣ್ಯಾಗ ಒಬ್ಬರಿಗೂ ತಮ್ಮ ಕೂಸು ಇಲ್ಲೇನು?”

“ರಜಾ ಸಿಗತೈತೋ ಇಲ್ಲೋ, ಅದನ್ನ ಹೇಳ್ರಿ ಮೇಡಂ,” ಎಂದ ಬಸಲಿಂಗಪ್ಪ.

“ಎಲ್ಲಾರಿಗೂ ಸಿಗತದ! ಸ್ವಂತ ಕೂಸಽ ಆಗಿರಬೇಕು ಅಂತ ನಿಯಮದಾಗ ಎಲ್ಲೂ ಇಲ್ಲ. ಯಾಕಿಲ್ಲ ಅಂತ ಈ ನಿಮ್ಮ ಡಾಕ್ಟರನ್ನ ಕೇಳ್ರಿ.”

ಎಲ್ಲರೂ ಡಾಕ್ಟರನ್ನು ನೋಡಿದರು. ಅವನು ಆ ಹಳೆಯ ಭಾಷಣವನ್ನು ನೆನೆದು ಕೆಮ್ಮಿದ. ಜೀವಮಾನದಲ್ಲಿ ಅವನು ಮಾಡಿದ ಒಂದೇ ಒಂದು ಪರೋಪಕಾರ ಹೀಗೆ ಅವನ ಅರಿವಿಗೇ ಬಾರದೆ ಆಗಿಹೋಗಿತ್ತು.

ಮೊದಲ ಗಾಡಿ ಹೊರಡುವ ಬೆಳಿಗ್ಗೆ ನೀಲಾ ಟೋಪಿಯ ಧೂಳನ್ನು ಎರಡು ಸಲ ಒರೆಸಿದಳು. ಮಗಳ ಕೆನ್ನೆಗೆ ಮುತ್ತಿಟ್ಟಳು. “ಹಳಿ ಮುಂದೈತಿ ರೀ,” ಎಂದು ಗಂಡನಿಗೆ ಹೇಳಿ, ತಿರುಗಿ ನೋಡದೆ ನಡೆದಳು. ತಿರುಗಿ ನೋಡಿದ್ದರೆ ಹೋಗುವುದು ಕಷ್ಟವಾಗುತ್ತಿತ್ತೆಂದು ಅವಳ ಬೆನ್ನೇ ಹೇಳುತ್ತಿತ್ತು.

ಫಕೀರೇಶ ಡಬ್ಬಿ ಹಿಡಿದು ಗಿರಣಿಯ ಸಾಲಿನಲ್ಲಿ ನಿಂತ. ಮುಂದೆ ಹಸೀನಾ, ಹಿಂದೆ ಬಸಲಿಂಗಪ್ಪ. ರೆಹಾನ ಅವನ ಹೆಗಲಿಗೆ ಬಂದ, ಮಲಪ್ರಭಾ ಬಸಲಿಂಗಪ್ಪನ ಹೆಗಲಿಗೆ ಹೋದಳು.

“ಸಾಹೇಬ್ರ,” ಎಂದು ಕೂಗಿದಳು ದ್ಯಾಮವ್ವ, ಕಲ್ಲಿನ ಸದ್ದನ್ನು ಮೀರಿ. “ನಿಮ್ಮ ಮನಿಯವ್ರ ಗಾಡಿ ಕೂಗಿತು, ಕೇಳಿಸ್ತೇನು?”

“ನಿನ್ನ ಗಿರಣಿಯೊಳಗ ಏನು ಕೇಳಿಸ್ತೈತಿ ದ್ಯಾಮವ್ವ!”

“ಕಿವುಡ ಆಗಿದ್ದು ನನ್ನ ಗಂಡ, ನಾ ಅಲ್ಲ,” ಎಂದಳು ಅವಳು.

ಆಗ ಬೆನ್ನ ಹಿಂದೆ ಅಳು ಕೇಳಿಸಿತು. ಫಕೀರೇಶ ತಿರುಗಿದ. ಮಲಪ್ರಭಾ ಬಸಲಿಂಗಪ್ಪನ ಹೆಗಲಿನಿಂದ ಅರ್ಧ ಹೊರಗೆ ಬಾಗಿದ್ದಳು. ಅವಳ ನೋಟ ತಂದೆಯ ಹೆಗಲಿನ ಮೇಲೆ ನೆಮ್ಮದಿಯಾಗಿ ಮಲಗಿದ್ದ ರೆಹಾನನ ಮೇಲೆ ನೆಟ್ಟಿತ್ತು. ಕೆಳತುಟಿ ನಡುಗುತ್ತಿತ್ತು. ಎರಡೂ ಪುಟ್ಟ ಕೈ ಚಾಚಿ, ಬೆರಳು ಅಗಲಿಸಿ, ಅವಳು ಅವನ ಕಡೆ ನೋಡಿ ಕಿರುಚುತ್ತಿದ್ದಳು. ಇಷ್ಟು ದಿನ ಅವನ ಕೈಯಿಂದ ತಪ್ಪಿಸಿಕೊಳ್ಳಲು ಅತ್ತವಳು, ಅವನ ಕೈಗೆ ಬರಲು ಅತ್ತದ್ದು ಇದೇ ಮೊದಲು.

ಮಣಿ ಅರಿಶಿನ ಬಣ್ಣಕ್ಕೆ ತಿರುಗಿ ಮಿನುಗತೊಡಗಿತು. ಕೂಸು ಯಾರ ಕಡೆ ಮುಖ ಮಾಡಿ ಅಳುತ್ತದೆಯೋ ಅವರ ಅಂಕ ಇಳಿಯಬೇಕು. ಮಣಿಗಳ ಲೆಕ್ಕವೆಲ್ಲ ಸೇರುವ ಧಾರವಾಡದಲ್ಲಿ ಎಲ್ಲೋ ಅವನ ಅಂಕ ಇಳಿಯುತ್ತಿತ್ತು. ಆ ನಿಯಮ ಬರೆದವನ ಬುದ್ಧಿಯ ಬಗ್ಗೆ ಫಕೀರೇಶನಿಗೆ ಈಚೆಗೆ ಗುಮಾನಿ ಇದ್ದೇ ಇತ್ತು.

ಅವನು ಇನ್ನೊಂದು ತೋಳನ್ನು ಚಾಚಿದ. ಮಲಪ್ರಭಾ ಬಂದು ಅವನ ಕಿವಿಯನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೂ ಜೋರಾಗಿ ಅತ್ತಳು. ಯಾರ ಕೂಸು ಹೀಗೆ ಅಳುತ್ತಿದೆಯೆಂದು ಕೇಳಿಸಿಕೊಳ್ಳಲು ದ್ಯಾಮವ್ವ ಗಿರಣಿ ನಿಲ್ಲಿಸಿದಳು.